ಚಾರ್ಜ್: ಫೋನಿಗೆ ಶುಲ್ಕ ವಿಧಿಸುವವರ ಗಮನಕ್ಕೆ

ಮೊನ್ನೆ ಒಂದು ಟಾರ್ಚ್ ತರಿಸೋಣ ಎಂದು ಆನ್‌ಲೈನ್ ಅಂಗಡಿಯೊಂದರ ಕನ್ನಡ ಪುಟ ತೆರೆದೆ. ‘ಮೊದಲ ಬಳಕೆಗೆ ಮುನ್ನ ಎಂಟು ಗಂಟೆ ಶುಲ್ಕ ವಿಧಿಸಿ’ ಎಂದಿತ್ತು. ಅದರ ಕೆಳಗೆ ‘ವೇಗದ ಶುಲ್ಕ’ ಎಂಬ ಹೆಗ್ಗಳಿಕೆ. ಸಾಗಣೆಯಂತೂ ‘ಉಚಿತ ಶುಲ್ಕ’. ಇಂಗ್ಲಿಷಿನ ‘ಚಾರ್ಜ್’ ಕಂಡಲ್ಲೆಲ್ಲ ಶುಲ್ಕವಾಗಿತ್ತು. ಮೊದಲ ಸಲವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಇದಕ್ಕೂ ಮುಂಚೆ ಒಂದು ಪವರ್ ಬ್ಯಾಂಕಿನ ಡಬ್ಬಿಯ ಮೇಲೆ ‘ಅತಿಯಾಗಿ ಆರೋಪಿಸಬೇಡಿ’ ಎಂದು ಓದಿದವನು ನಾನು. ಪವರ್ ಬ್ಯಾಂಕಿನ ಮೇಲೆ ಯಾರಾದರೂ ಆರೋಪ ಹೊರಿಸುತ್ತಾರಾ?

ಹೊರಿಸುತ್ತಾರೆ. ತಮಾಷೆ ಇರುವುದು ಅಲ್ಲೇ. ಆರೋಪವನ್ನು ನಾವು ‘ಹೊರಿಸು’ತ್ತೇವೆ, ಮೂಟೆ ಹೊರಿಸಿದ ಹಾಗೆ. ಇಂಗ್ಲಿಷಿನ ಚಾರ್ಜ್ ಕೂಡ ಹುಟ್ಟಿದ್ದು ಮೂಟೆಯಿಂದಲೇ. ಗಾಲ್ ಪ್ರಾಂತ್ಯದ (ಇಂದಿನ ಫ್ರಾನ್ಸ್ ಸುತ್ತಮುತ್ತ) ಜನ ತಮ್ಮ ಗಾಡಿಗೆ ಹೇಳುತ್ತಿದ್ದ ಮಾತನ್ನು ರೋಮನ್ನರು ಎತ್ತಿಕೊಂಡು ‘ಕಾರುಸ್’ ಎಂದರು. ಗಾಡಿಗೆ ಹೇರುವುದು ‘ಕಾರಿಕಾರೆ’ ಆಯಿತು. ಹಳೆಯ ಫ್ರೆಂಚಿನಲ್ಲಿ ಅದು ಸವೆದು ಚಾರ್ಜ್ ಆಗಿ, ಇಂಗ್ಲಿಷಿಗೆ ಬಂತು. ಕಾರು, ಕ್ಯಾರಿ, ಕಾರ್ಗೋ ಎಲ್ಲ ಒಂದೇ ಮನೆಯವು. ವ್ಯಂಗ್ಯಚಿತ್ರದ ಕ್ಯಾರಿಕೇಚರ್ ಕೂಡ ಅದೇ ಮನೆಯದು: ಮೂಗಿನ ಮೇಲೋ ಹೊಟ್ಟೆಯ ಮೇಲೋ ಜಾಸ್ತಿ ಹೇರಿದ ಚಿತ್ರ.

ಹೇರುವುದು ಎಂದು ಹಿಡಿದರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ. ಗಿರಾಕಿಯ ಮೇಲೆ ಹೇರಿದ್ದು ಶುಲ್ಕ. ಒಬ್ಬನ ತಲೆಗೆ ಹೇರಿದ್ದು ಆರೋಪ. ಹೆಗಲಿಗೆ ಹೇರಿದ್ದು ಹೊಣೆ. ಬಂದೂಕಿಗೆ ತುಂಬಿದ ಮದ್ದು ಕೂಡ ಚಾರ್ಜೇ. ಕರೆಂಟಿನ ಮಾತು ಬಂದದ್ದು ಈ ಮದ್ದಿನ ದಾರಿಯಲ್ಲಿ. 18ನೇ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ತುಂಬಿಡುವ ಲೈಡನ್ ಜಾಡಿಗಳನ್ನು ಒಟ್ಟಿಗೆ ಜೋಡಿಸಿ ಅದಕ್ಕೆ ‘ಬ್ಯಾಟರಿ’ ಎಂದರು. ಅದು ತೋಪುಗಳ ಸಾಲಿಗಿದ್ದ ಹೆಸರು. ಈಗ ಜೇಬಿನೊಳಗೆ ಇಟ್ಟುಕೊಂಡು ಓಡಾಡುತ್ತಿದ್ದೇವೆ.

ಈ ಪದ ಟರ್ಕಿಶ್‌ನಲ್ಲೂ ಇದೆ. ಟರ್ಕಿಯ ಧಾರಾವಾಹಿಗಳ ಹುಚ್ಚಿನಿಂದ ಆ ಭಾಷೆಯನ್ನು ಅಷ್ಟಿಷ್ಟು ಕಲಿಯುತ್ತಿದ್ದೇನೆ. ಅವರೂ ಈ ಪದವನ್ನು ಸಾಲ ತಂದವರೇ, ಆದರೆ ಫ್ರೆಂಚರಿಂದ. ಹಾಗಾಗಿ ಅವರದು ‘ಶಾರ್ಜ್’. ಫ್ರೆಂಚರು ಮುಂದೆ ‘ಚ’ ಬಿಟ್ಟು ‘ಶ’ ಹಿಡಿದರು, ಇಂಗ್ಲಿಷಿನಲ್ಲಿ ಹಳೆಯ ‘ಚ’ ಹಾಗೇ ಉಳಿಯಿತು. ಟರ್ಕಿಯವರ ಜಾಣತನ ಏನೆಂದರೆ, ಶಾರ್ಜ್ ಅನ್ನು ಹೆಚ್ಚಾಗಿ ಬ್ಯಾಟರಿಗೇ ಕಟ್ಟಿಹಾಕಿದ್ದು. ಬಂದೂಕಿನ ಗುಂಡಿನ ಪೆಟ್ಟಿಗೆಗೆ ‘ಶಾರ್ಜೊರ್’ ಎನ್ನುತ್ತಾರೆ. ಮಿಕ್ಕ ಅರ್ಥಗಳಿಗೆ ಬೇರೆ ಬೇರೆ ಪದ. ಶುಲ್ಕ ಉಜ್ರೆತ್, ಆರೋಪ ಸುಚ್‌ಲಾಮಾ, ನುಗ್ಗಿ ಹೊಡೆಯುವುದು ಹುಜುಮ್. ಭೌತಶಾಸ್ತ್ರದ ಚಾರ್ಜ್‌ಗೆ ಅವರು ಬಳಸುವುದು ‘ಯುಕ್’. ಲಾರಿಯ ಲೋಡಿಗೂ ಅದೇ ಪದ. ಪ್ರೀಪೇಯ್ಡ್ ಫೋನಿಗೆ ದುಡ್ಡು ತುಂಬಿಸುವುದಕ್ಕೂ ಇದರಿಂದಲೇ ಕ್ರಿಯಾಪದ. ನಾವು ಕರೆನ್ಸಿ ಹಾಕಿಸಿದರೆ ಅವರು ಹೇರಿಸುತ್ತಾರೆ.

ನಮ್ಮ ವಿಜ್ಞಾನದ ಪಠ್ಯದಲ್ಲೋ, ‘ವಿದ್ಯುದಾವೇಶ’. ಧನಾವೇಶ, ಋಣಾವೇಶ. ಶಾಲೆಯಲ್ಲಿ ಇದನ್ನು ಕೇಳಿದಾಗ ನನಗೆ ನೆನಪಾಗುತ್ತಿದ್ದದ್ದು ಜಾತ್ರೆಯಲ್ಲಿ ಮೈಮೇಲೆ ದೇವರು ಬಂದವರು. ಪದ ಚೆನ್ನಾಗಿಯೇ ಇದೆ, ಆದರೆ ಬ್ಯಾಟರಿಗೆ ಆವೇಶ ತುಂಬಿ ಎಂದು ಯಾರೂ ಹೇಳುವುದಿಲ್ಲ. ಪುಣ್ಯ.

ಹಾಗಂತ ಭಾರದ ನೆನಪು ಕನ್ನಡದಲ್ಲಿ ಇಲ್ಲವೆಂದಲ್ಲ. ಸೈಟು ಕೊಳ್ಳುವಾಗ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ತರುವ ಇಸಿ, ಋಣಭಾರ ಪತ್ರ. ಜಮೀನಿನ ಮೇಲೆ ಯಾರ ಚಾರ್ಜ್ ಇದೆ ಎಂದು ಅದರಲ್ಲೇ ನೋಡುವುದು. ‘ಪ್ರಭಾರ’ ಎಂಬ ಪದದೊಳಗೂ ಭಾರ ಕೂತಿದೆ. ಆದರೆ ಇದರ ಬಳಕೆಯಲ್ಲಿ ನನ್ನ ತಕರಾರಿದೆ. ಇಂಗ್ಲಿಷಿನವರಿಗೆ ಇನ್‌ಚಾರ್ಜ್ ಎಂದರೆ ಹೊಣೆ ಹೊತ್ತವರು, ಮುಗಿಯಿತು. ನಮ್ಮ ಕಾಲೇಜುಗಳಲ್ಲಿ ಇನ್‌ಚಾರ್ಜ್ ಪ್ರಿನ್ಸಿಪಾಲ್ ಎಂದರೆ ಖಾಯಂ ಪ್ರಿನ್ಸಿಪಾಲ್ ಬರುವ ತನಕ ಕುರ್ಚಿ ಕಾಯುವವರು. ಕನ್ನಡದ ‘ಪ್ರಭಾರ’ಕ್ಕೆ ಅಂಟಿರುವುದು ಈ ಎರಡನೆಯ ಅರ್ಥ. ಆದ್ದರಿಂದ ಜಿಲ್ಲೆಯ ಹೊಣೆ ಹೊತ್ತ ಸಚಿವರು ‘ಉಸ್ತುವಾರಿ ಸಚಿವರು’. ಅವರನ್ನು ಪ್ರಭಾರ ಸಚಿವರು ಎಂದು ಬರೆದರೆ ನಾಳೆಯೇ ಖುರ್ಚಿ ಬಿಡುತ್ತಾರೆ ಎಂದಾದೀತು.

ಹೊಣೆ ಹೊತ್ತವರನ್ನು ಟರ್ಕಿಶ್‌ನಲ್ಲಿ ‘ಸೊರುಮ್ಲು’ ಎನ್ನುತ್ತಾರೆ. ‘ಸೊರ್’ ಎಂದರೆ ಪ್ರಶ್ನೆ ಕೇಳು. ಅಂದರೆ ಪ್ರಶ್ನೆ ಎದುರಿಸಬೇಕಾದವನು. ನಮ್ಮ ಜವಾಬ್ದಾರ ಎಂದರೆ ಜವಾಬು ಕೊಡಬೇಕಾದವನು. ಅಲ್ಲಿ ಪ್ರಶ್ನೆ, ಇಲ್ಲಿ ಉತ್ತರ!

ನನಗೆ ಜಾಸ್ತಿ ಸಿಟ್ಟು ಬರುವುದು ಚಾರ್ಜ್‌ಶೀಟ್ ವಿಷಯಕ್ಕೆ. ಸುದ್ದಿಯಲ್ಲಿ ‘ಚಾರ್ಜ್‌ಶೀಟ್ ಸಲ್ಲಿಕೆ, ಆರೋಪ ಸಾಬೀತು’ ಎಂಬ ಧಾಟಿ ಕಾಣುತ್ತಲೇ ಇರುತ್ತದೆ. ಚಾರ್ಜ್‌ಶೀಟ್ ಎಂದರೆ ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ವರದಿ. ಕಾನೂನಿನ ಚಾರ್ಜ್ ಅದಾದ ಮೇಲೆ ಬರುತ್ತದೆ. ವರದಿ ನೋಡಿ, ಎರಡೂ ಕಡೆಯ ಮಾತು ಕೇಳಿ, ಇಂಥ ಕಲಮಿನ ಕೆಳಗೆ ವಿಚಾರಣೆ ನಡೆಯಬೇಕು ಎಂದು ನ್ಯಾಯಾಧೀಶರು ಗೊತ್ತುಮಾಡುವುದೇ ಚಾರ್ಜ್. ಕನ್ನಡದಲ್ಲಿ ಇದು ದೋಷಾರೋಪ. ಹುರುಳಿಲ್ಲ ಎನಿಸಿದರೆ ಅಲ್ಲಿಗೇ ಡಿಸ್‌ಚಾರ್ಜ್, ಅಂದರೆ ಹೊರೆ ಇಳಿಸಿ ಕಳಿಸುತ್ತಾರೆ. 2024ರ ಜುಲೈ 1ರಿಂದ ಹಳೆಯ ಕ್ರಿಮಿನಲ್ ಪ್ರಕ್ರಿಯೆಯ ಕಾನೂನಿನ ಜಾಗಕ್ಕೆ ಹೊಸ ಸಂಹಿತೆ ಬಂದರೂ ಈ ಕ್ರಮ ಬದಲಾಗಿಲ್ಲ. ಸಾಬೀತಾಗುವುದು ಇನ್ನೂ ಎಷ್ಟೋ ದೂರ.

ಟರ್ಕಿಯಲ್ಲಿ ಇದಕ್ಕೆ ಹತ್ತಿರದ ಕಾಗದ ‘ಇದ್ದಿಯಾನಾಮೆ’. ಬರೆಯುವವರು ಪೊಲೀಸರಲ್ಲ, ಸರ್ಕಾರಿ ಅಭಿಯೋಜಕರು. ಕೋರ್ಟ್ ಅದನ್ನು ಒಪ್ಪಬೇಕು, ಇಲ್ಲವೇ 15 ದಿನದೊಳಗೆ ವಾಪಸ್ ಕಳಿಸಬೇಕು. ಕೊನೆಯ ‘ನಾಮೆ’ ಗುರುತು ಸಿಕ್ಕಿತಲ್ವಾ? ರಾಜೀನಾಮೆಯ, ಪಂಚನಾಮೆಯ ನಾಮೆಯೇ. ಪರ್ಷಿಯನ್ ಭಾಷೆಯಿಂದ ಒಂದು ಕವಲು ಅತ್ತ ಹೋಯಿತು, ಒಂದು ಇತ್ತ ಬಂತು. ‘ದಾವಾ’ ಅಲ್ಲೂ ದಾವೆಯೇ. ಅಲ್ಲಿನ ‘ವೆಕಾಲೆತ್‌ನಾಮೆ’ ನಮ್ಮ ವಕೀಲರಿಗೂ ಅರ್ಥವಾಗುತ್ತದೆ.

ಮತ್ತೆ ಟಾರ್ಚಿನ ಪುಟಕ್ಕೆ ಬರೋಣ. ಆ ಅನುವಾದ ಮಾಡಿದವರು ಮನುಷ್ಯರೋ ಯಂತ್ರವೋ, ಮನೆಯಲ್ಲಿ ಆಡುವ ಮಾತನ್ನು ಕೇಳಿಸಿಕೊಂಡಿದ್ದರೆ ಸಾಕಿತ್ತು. ‘ಫೋನ್ ಚಾರ್ಜಿಗೆ ಹಾಕು’ ಎನ್ನುತ್ತೇವೆ. ‘ಡೆಲಿವರಿಗೆ ನಲವತ್ತು ರೂಪಾಯಿ ಚಾರ್ಜ್ ಹಾಕಿದಾರೆ’ ಎಂದೂ ಎನ್ನುತ್ತೇವೆ. ಪದ ಅದೇ, ಕ್ರಿಯಾಪದವೂ ಅದೇ. ಒಂದು ‘ಗೆ’ ಬಂದರೆ ಬ್ಯಾಟರಿ, ಬಾರದಿದ್ದರೆ ಬಿಲ್ಲು. ಮೂರು ವರ್ಷದ ಮಗುವಿಗೂ ಇದು ಗೊಂದಲವಿಲ್ಲ. ಟರ್ಕಿಶ್‌ನಲ್ಲೂ ಫೋನನ್ನು ‘ಶಾರ್ಜಾ ತಾಕ್’ ಎನ್ನುತ್ತಾರೆ. ಆ ಕೊನೆಯ ‘ಆ’ ನಮ್ಮ ‘ಗೆ’ಯೇ. ‘ಶಾರ್ಜ್ ಎತ್‌ಮೆಕ್’ ಎಂದರೆ ಪದಕ್ಕೆ ಪದ ಚಾರ್ಜ್ ಮಾಡುವುದು. ಇಬ್ಬರೂ ಪರಭಾಷೆಯ ಪದವನ್ನು ಒಳಗೆ ಬಿಟ್ಟುಕೊಂಡು, ಕೆಲಸ ಮಾತ್ರ ಮನೆಯ ಕ್ರಿಯಾಪದದ ಕೈಲೇ ಮಾಡಿಸುವವರು.

‘ಉಚಿತ ಶುಲ್ಕ’ಕ್ಕೆ ಅವರಲ್ಲಿ ಜಾಗವೇ ಇಲ್ಲ. ಶುಲ್ಕಕ್ಕೆ ‘ಇಲ್ಲದ’ ಎಂಬ ಬಾಲ ಸೇರಿಸಿ ‘ಉಜ್ರೆತ್‌ಸಿಜ್’ ಎಂದುಬಿಡುತ್ತಾರೆ. ನಮ್ಮಲ್ಲಿ ಪುಕ್ಕಟೆ ಇದೆ, ಬಿಟ್ಟಿ ಇದೆ. ಅಂದಹಾಗೆ, ಧಾರಾವಾಹಿಯ ನಾಯಕಿ ನಡುರಾತ್ರಿ ‘ಶಾರ್ಜಿಮ್ ಬಿತ್ತಿ’ ಎಂದರೆ ಎಲ್ಲೋ ಬಿಟ್ಟಿ ಚಾರ್ಜ್ ಸಿಕ್ಕಿತು ಎಂದುಕೊಳ್ಳಬೇಡಿ. ಚಾರ್ಜ್ ಮುಗೀತು ಎಂದರ್ಥ. ಮುಂದಿನ ಎರಡು ಎಪಿಸೋಡು ಅವಳಿಗೆ ಯಾರ ಫೋನೂ ಬರುವುದಿಲ್ಲ.