ಖಾಲಿ ಅಂಗಡಿಯಲ್ಲಿ ಹಂಚಿಕೆಯ ವಾಸ: ಇಂಗ್ಲೆಂಡಿನ ಪೇಟೆಬೀದಿಯ ಉದಾಹರಣೆ

ನಗರ ಯೋಜನೆಯನ್ನು ಓದುವವರಿಗೆ 'ಬಳಕೆಯ ಬದಲಾವಣೆ' ಎಂಬ ಪಾಠದಲ್ಲಿ ಇಂಗ್ಲೆಂಡಿನ ಖಾಲಿ ಅಂಗಡಿಗಳ ಪ್ರಸ್ತಾಪ ಬಂದೇ ಬರುತ್ತದೆ. ಪೇಟೆಯಲ್ಲಿ ಅಂಗಡಿಗಳು ಬಾಗಿಲು ಹಾಕಿವೆ, ಊರಿನಲ್ಲಿ ಬಾಡಿಗೆಗೆ ಮನೆ ಸಿಗುತ್ತಿಲ್ಲ, ಆದ್ದರಿಂದ ಅಂಗಡಿಯನ್ನೇ ಮನೆ ಮಾಡಬಹುದು ಎಂದು ಎರಡು ಸಾಲಿನಲ್ಲಿ ವಿಷಯವನ್ನು ಮುಗಿಸುವುದು ವಾಡಿಕೆ. ಈ ಟಿಪ್ಪಣಿಯಲ್ಲಿ ನಾನು ಹಿಡಿದಿರುವ ಎಳೆ ಸ್ವಲ್ಪ ಬೇರೆಯದು. ಅಂಗಡಿಯ ಕಟ್ಟಡಕ್ಕೆ ಪ್ರತ್ಯೇಕ ಫ್ಲ್ಯಾಟುಗಳಿಗಿಂತ ಅಡುಗೆಮನೆ, ಬಚ್ಚಲುಗಳನ್ನು ಹಲವರು ಹಂಚಿಕೊಳ್ಳುವ ವಾಸವೇ ಹೆಚ್ಚು ಒಗ್ಗುತ್ತದೆ. ಆದರೆ ಅಲ್ಲಿನ ಕಾನೂನು ಫ್ಲ್ಯಾಟಿಗೆ ಹೆಬ್ಬಾಗಿಲನ್ನು ತೆರೆದು, ಹಂಚಿಕೆಯ ಮನೆಯನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡಿದೆ.

ಅಂಗಡಿಗಳು ಏಕೆ ಖಾಲಿಯಾದವು ಎಂಬುದನ್ನು ಬೇಗ ನೋಡಿ ಮುಂದೆ ಹೋಗೋಣ. 2008ರ ಡಿಸೆಂಬರಿನಿಂದ 2009ರ ಜನವರಿಯೊಳಗೆ ವುಲ್‌ವರ್ತ್ಸ್ ಸಂಸ್ಥೆಯ ಸುಮಾರು 800 ಮಳಿಗೆಗಳು ಮುಚ್ಚಿದವು. 2016ರಲ್ಲಿ ಬಿಎಚ್‌ಎಸ್, 2021ರಲ್ಲಿ ಡೆಬೆನ್‌ಹ್ಯಾಮ್ಸ್ ಎಂಬ ಮಳಿಗೆ ಸರಣಿಗಳೂ ಅದೇ ದಾರಿ ಹಿಡಿದವು. ಊರಾಚೆಯ ದೊಡ್ಡ ಮಳಿಗೆಗಳು, ಆನ್‌ಲೈನ್ ಖರೀದಿ, ಮಳಿಗೆಗಳ ಮೇಲಿನ ತೆರಿಗೆ, ಈ ಮೂರೂ ಸೇರಿ ಆದ ಪರಿಣಾಮ ಇದು. ಖಾಲಿ ಬಿದ್ದ ಅಂಗಡಿಗೆ ಮೊದಲ ಮೂರು ತಿಂಗಳು ಮಾತ್ರ ತೆರಿಗೆಯ ವಿನಾಯಿತಿ ಇದ್ದು, ಆ ಬಳಿಕ ತೀರ ಸಣ್ಣ ಮಳಿಗೆಗಳನ್ನು ಬಿಟ್ಟರೆ ಉಳಿದ ಬಹುತೇಕ ಮಳಿಗೆಗಳ ಮಾಲೀಕರು ಪೂರ್ತಿ ಕಟ್ಟಬೇಕಾಗುತ್ತದೆ. ಹೀಗಿರುವಾಗ ಮಾಲೀಕರಿಗೂ ಬೇರೆ ಬಳಕೆಯ ಯೋಚನೆ ಬರುವುದು ಸಹಜ.

ನಮ್ಮ ವಿಷಯದ ಜೀವಾಳ ಇರುವುದು ಕಟ್ಟಡದ ಆಕಾರದಲ್ಲಿ. ಇಂಗ್ಲೆಂಡಿನ ಪೇಟೆಬೀದಿಯ ಎಷ್ಟೋ ಅಂಗಡಿಗಳು ಮೊದಲು ಮನೆಗಳೇ ಆಗಿದ್ದವು. ವ್ಯಾಪಾರ ಬೆಳೆದಂತೆ ನೆಲಮಹಡಿಯನ್ನು ಹಿತ್ತಿಲಿನ ಮೇಲೆ ಚಾಚಿ ಕಟ್ಟಲಾಯಿತು. ಮೇಲಿನ ಮಹಡಿಗಳು ಮಾತ್ರ ಹಳೆಯ ಮನೆಯ ಉದ್ದದಲ್ಲೇ ನಿಂತವು. ಹೀಗಾಗಿ ನೆಲಮಹಡಿ ಮುಖ ಕಿರಿದಾಗಿ ಒಳಗೆ ಆಳವಾಗಿ ಹೋಗುವ ಕೊಳವೆಯಂತಾಯಿತು. ಎರಡು ಪಕ್ಕಗಳಲ್ಲೂ ನೆರೆಯವರ ಗೋಡೆ, ಬೆಳಕು ಬರುವುದು ಮುಂದಿನ ಗಾಜಿನಿಂದ ಮತ್ತು ಹಿಂದಿನ ಕಿಟಕಿಯಿಂದ ಮಾತ್ರ. ಕಿಟಕಿಯ ಮೇಲಂಚು ಎಷ್ಟು ಎತ್ತರದಲ್ಲಿದೆಯೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಹಗಲಿನ ಬೆಳಕು ಉಪಯೋಗಕ್ಕೆ ಬರುತ್ತದೆ ಎಂಬುದು ವಿನ್ಯಾಸಕಾರರ ಸ್ಥೂಲ ಲೆಕ್ಕ. ಅಂಗಡಿಗೆ ಇದು ತೊಂದರೆಯಲ್ಲ, ದೀಪ ಹಾಕಿದರಾಯಿತು. ಮಲಗುವ ಕೋಣೆಗೆ ಹಾಗಾಗದು.

ಒಂದು ಕಲ್ಪಿತ ಅಂಗಡಿಯನ್ನು ಎದುರಿಗಿಟ್ಟುಕೊಂಡು ಲೆಕ್ಕ ಮಾಡೋಣ. ಮುಖ 6 ಮೀಟರ್, ಆಳ 20 ಮೀಟರ್, ಒಟ್ಟು 120 ಚದರ ಮೀಟರ್. ಒಬ್ಬರ ಫ್ಲ್ಯಾಟಿಗೆ ಅಲ್ಲಿನ ರಾಷ್ಟ್ರೀಯ ಅಳತೆಯ ಪ್ರಕಾರ ಕನಿಷ್ಠ 37 ಚದರ ಮೀಟರ್, ಅಂದರೆ ಸುಮಾರು 400 ಚದರ ಅಡಿ ಬೇಕು. ಕಾಗದದ ಮೇಲೆ ಮೂರು ಫ್ಲ್ಯಾಟುಗಳು ಹಿಡಿಸುತ್ತವೆ. ಆದರೆ ನಡುವಿನ ಫ್ಲ್ಯಾಟಿಗೆ ಕಿಟಕಿಯೇ ಇಲ್ಲ; ಅದನ್ನು ಕೈಬಿಟ್ಟರೆ ಉಳಿಯುವುದು ಎರಡು ಫ್ಲ್ಯಾಟು, ಇಬ್ಬರು ವಾಸಿಗಳು. ಈಗ ಇದೇ ಜಾಗವನ್ನು ಹಂಚಿಕೆಯ ಮನೆಯಾಗಿ ಬಿಡಿಸಿ ನೋಡಿ. ಬೀದಿಗೆ ತೆರೆದ ಮುಂಭಾಗದಲ್ಲಿ ಎಲ್ಲರಿಗೂ ಸೇರಿದ ಅಡುಗೆಮನೆ ಮತ್ತು ಊಟದ ಜಾಗ. ಹಿತ್ತಿಲಿನ ಮೇಲೆ ಚಾಚಿದ ಭಾಗಕ್ಕೆ ಮೇಲೆ ಮಹಡಿಯಿಲ್ಲದ ಕಾರಣ, ಅಲ್ಲಿನ ಚಾವಣಿಯಲ್ಲಿ 3 ಮೀಟರ್ ಚೌಕದಷ್ಟನ್ನು ತೆಗೆದು, ನಮ್ಮ ತೊಟ್ಟಿಮನೆಗಳಂತೆ ಒಂದು ಪುಟ್ಟ ತೊಟ್ಟಿ ಮಾಡಬಹುದು. ಆ ತೊಟ್ಟಿಗೆ ಕಿಟಕಿ ತೆರೆಯುವ ಎರಡು ಕೋಣೆ, ಹಿಂಬದಿಯ ಗೋಡೆಗೆ ಇನ್ನೆರಡು, ಪ್ರತಿಯೊಂದೂ 10 ಚದರ ಮೀಟರಿನ ಆಸುಪಾಸು. ಬಚ್ಚಲು, ಬಟ್ಟೆ ಒಗೆಯುವ ಯಂತ್ರ, ಸಾಮಾನಿನ ಕೋಣೆ, ಓಡಾಡುವ ಪಡಸಾಲೆ ಇವೆಲ್ಲ ಬೆಳಕು ತಲುಪದ ನಡುವಿನ ಕತ್ತಲ ಪಟ್ಟಿಗೆ ಹೋಗುತ್ತವೆ, ಏಕೆಂದರೆ ಅವುಗಳಿಗೆ ಕಿಟಕಿ ಕಡ್ಡಾಯವಲ್ಲ. ಈಗ ನಾಲ್ವರು ವಾಸಿಸಬಹುದು. ಫ್ಲ್ಯಾಟುಗಳಲ್ಲಿ ವ್ಯರ್ಥವಾಗುವ ಕತ್ತಲೆಯನ್ನು ಹಂಚಿಕೆಯ ಮನೆ ಕೆಲಸಕ್ಕೆ ಹಚ್ಚುತ್ತದೆ. ಈ ನಕ್ಷೆಯನ್ನು ಒಮ್ಮೆ ನೀವೇ ಗೀಚುಹಾಳೆಯ ಮೇಲೆ ಬರೆದು ನೋಡುವುದು ಒಳ್ಳೆಯದು; ಓದಿ ತಿಳಿಯುವುದಕ್ಕಿಂತ ಬೇಗ ತಿಳಿಯುತ್ತದೆ.

ಇನ್ನು ಕಾನೂನು. 2020ರ ಸೆಪ್ಟೆಂಬರ್ 1ರಂದು ಅಂಗಡಿ, ಕಚೇರಿ, ರೆಸ್ಟೋರೆಂಟ್ ಮುಂತಾದವನ್ನೆಲ್ಲ 'ವರ್ಗ ಇ' ಎಂಬ ಒಂದೇ ಬಳಕೆಯ ವರ್ಗಕ್ಕೆ ಸೇರಿಸಲಾಯಿತು. 2021ರ ಆಗಸ್ಟ್ 1ರಿಂದ 'ವರ್ಗ ಎಂಎ' ಎಂಬ ಹಕ್ಕು ಜಾರಿಗೆ ಬಂದು, ಈ ಕಟ್ಟಡಗಳನ್ನು ಪೂರ್ಣ ಯೋಜನಾ ಅನುಮತಿಯಿಲ್ಲದೆ ವಾಸದ ಮನೆಗಳಾಗಿ ಬದಲಾಯಿಸುವುದು ಸಾಧ್ಯವಾಯಿತು. ಸ್ಥಳೀಯ ಕೌನ್ಸಿಲ್ ಪ್ರವಾಹದ ಅಪಾಯ, ಸಂಚಾರ, ನೆರೆಯ ವ್ಯಾಪಾರದ ಸದ್ದು, ಕೋಣೆಗಳಿಗೆ ಸಹಜ ಬೆಳಕು ಇಂಥ ಗೊತ್ತುಪಡಿಸಿದ ಕೆಲವು ವಿಷಯಗಳನ್ನಷ್ಟೇ ಪರಿಶೀಲಿಸಬಹುದು. ಮೊದಲಿದ್ದ 1,500 ಚದರ ಮೀಟರಿನ ಮಿತಿಯನ್ನೂ ಕಟ್ಟಡ ಮೂರು ತಿಂಗಳು ಖಾಲಿಯಿರಬೇಕೆಂಬ ಷರತ್ತನ್ನೂ 2024ರ ಮಾರ್ಚಿನಲ್ಲಿ ತೆಗೆದುಹಾಕಲಾಯಿತು. ಬೆಳಕು ಮತ್ತು ಅಳತೆಯ ನಿಯಮಗಳು ಈ ಚೌಕಟ್ಟಿಗೆ ಸುಮ್ಮನೆ ಬಂದವಲ್ಲ. ಸರ್ಕಾರವೇ ಮಾಡಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಂಥ ಸುಲಭದ ಹಾದಿಯಲ್ಲಿ ಆದ ಮನೆಗಳ ಪೈಕಿ ಕೇವಲ 22.1 ಶೇಕಡಾ ಮನೆಗಳು ರಾಷ್ಟ್ರೀಯ ಅಳತೆಗೆ ತಕ್ಕಂತಿದ್ದವು ಎಂದು ಕಂಡುಬಂದಿತ್ತು.

ಪರೀಕ್ಷೆಯಲ್ಲಿ ಹಲವರು ಎಡವುವ ಸ್ಥಳ ಮುಂದಿನದು. ವರ್ಗ ಎಂಎ ಕೊಡುವುದು 'ಸಿ3', ಅಂದರೆ ಒಂದು ಕುಟುಂಬದ ಮನೆಯ ಬಳಕೆಯನ್ನು ಮಾತ್ರ. ಸಂಬಂಧವಿಲ್ಲದ ಮೂವರಿಂದ ಆರು ಮಂದಿ ಹಂಚಿಕೊಳ್ಳುವ ಮನೆ 'ಸಿ4' ವರ್ಗಕ್ಕೆ ಸೇರುತ್ತದೆ. ಅಂಗಡಿಯಿಂದ ನೇರವಾಗಿ ಅಲ್ಲಿಗೆ ಈ ಹಕ್ಕಿನಡಿ ಹೋಗುವಂತಿಲ್ಲ. ಮೊದಲು ಸಿ3 ಆಗಿ, ನಿಜವಾಗಿ ಹಾಗೆ ಬಳಸಿ, ಅನಂತರ ಇನ್ನೊಂದು ಹಕ್ಕಿನಡಿ ಸಿ4 ಆಗಬೇಕು, ಇಲ್ಲವೆ ಪೂರ್ಣ ಅನುಮತಿಗೆ ಅರ್ಜಿ ಹಾಕಬೇಕು. ಇಂಥ ಹಕ್ಕನ್ನು ಒಂದು ಪ್ರದೇಶದ ಮಟ್ಟಿಗೆ ಹಿಂತೆಗೆದುಕೊಳ್ಳುವ 'ಆರ್ಟಿಕಲ್ 4' ಆದೇಶವನ್ನು ಇದಕ್ಕಾಗಿ ಹೊರಡಿಸಿರುವ ಊರುಗಳಲ್ಲಿ ಆ ಎರಡನೆಯ ಹೆಜ್ಜೆಗೂ ತಡೆಯಿದೆ. ಮೇಲಾಗಿ ವರ್ಗ ಎಂಎ ಬಳಕೆಯ ಬದಲಾವಣೆಗೆ ಮಾತ್ರ ಅನ್ವಯಿಸುವುದರಿಂದ ಕಟ್ಟಡದ ಹೊರರೂಪ ಬದಲಾಯಿಸುವ ಕೆಲಸಕ್ಕೆ, ನಮ್ಮ ನಕ್ಷೆಯ ತೊಟ್ಟಿಯೂ ಸೇರಿದಂತೆ, ಪ್ರತ್ಯೇಕ ಅನುಮತಿ ಬೇಕು. ಐದು ಅಥವಾ ಹೆಚ್ಚು ಮಂದಿ ಹಂಚಿಕೊಳ್ಳುವ ಮನೆಗೆ 2004ರ ವಸತಿ ಕಾಯಿದೆಯಡಿ ಪರವಾನಗಿ ಕಡ್ಡಾಯ. 2018ರ ಅಕ್ಟೋಬರಿನಿಂದ ಅಂಥ ಮನೆಯಲ್ಲಿ ಒಬ್ಬ ವಯಸ್ಕರು ಮಲಗುವ ಕೋಣೆ 6.51 ಚದರ ಮೀಟರಿಗಿಂತ ಚಿಕ್ಕದಿರಕೂಡದು. ಇದು ಹೆಚ್ಚುಕಡಿಮೆ 10 ಅಡಿಗೆ 7 ಅಡಿ. ಮಂಚ, ಒಂದು ಬೀರು, ನಿಲ್ಲಲು ಒಂದಿಷ್ಟು ಜಾಗ, ಅಷ್ಟೆ. ಕನಿಷ್ಠ ಎಂದು ಬರೆದದ್ದನ್ನೇ ಗುರಿಯೆಂದು ಓದಿಕೊಳ್ಳುವ ಮಾಲೀಕರು ಎಲ್ಲ ದೇಶಗಳಲ್ಲೂ ಇದ್ದಾರೆ.

ಇಲ್ಲಿ ಯಾರು ವಾಸಿಸುತ್ತಾರೆ ಎಂಬ ಪ್ರಶ್ನೆಗೆ ಭಾಗಶಃ ಉತ್ತರ ಸರ್ಕಾರದ ಬಾಡಿಗೆ ನೆರವಿನ ನಿಯಮದಲ್ಲಿದೆ. 2012ರಿಂದ 35 ವರ್ಷದೊಳಗಿನ ಹೆಚ್ಚಿನ ಒಂಟಿ ಬಾಡಿಗೆದಾರರಿಗೆ ಹಂಚಿಕೆಯ ಮನೆಯ ಒಂದು ಕೋಣೆಯ ದರದಷ್ಟೇ ನೆರವು ಸಿಗುತ್ತದೆ. ನಮ್ಮ ಕಡೆಯಿಂದ ಓದಲು ಹೋದ ವಿದ್ಯಾರ್ಥಿಗಳು ಬಾಡಿಗೆಗೆ ಹಿಡಿಯುವುದೂ ಬಹುಮಟ್ಟಿಗೆ ಇಂಥ ಕೋಣೆಗಳನ್ನೇ, ಬೆಂಗಳೂರಿನ ಪಿ.ಜಿ.ಯನ್ನು ನೆನೆದುಕೊಳ್ಳಿ, ಊಟ ಮಾತ್ರ ನೀವೇ ಮಾಡಿಕೊಳ್ಳಬೇಕು. ಬಾಡಿಗೆ ಕಡಿಮೆ ಇರಲೇಬೇಕೆಂದು ವರ್ಗ ಎಂಎ ಎಲ್ಲಿಯೂ ಹೇಳುವುದಿಲ್ಲ ಎಂಬುದನ್ನು ಗಮನಿಸಿ. ಪೂರ್ಣ ಅನುಮತಿಯ ದೊಡ್ಡ ಯೋಜನೆಗಳಲ್ಲಿ ಇಂತಿಷ್ಟು ಮನೆ ಅಗ್ಗದವಾಗಿರಬೇಕೆಂದು ಕೌನ್ಸಿಲ್ ಕೇಳಬಹುದು. ಈ ಹಾದಿಯಲ್ಲಿ ಹಾಗೆ ಕೇಳಲು ಅದಕ್ಕೆ ಅವಕಾಶವಿಲ್ಲ. ಪರಿವರ್ತನೆಯ ಕೆಲಸಕ್ಕೆ ಸಾಮಾನ್ಯ 20 ಶೇಕಡಾ ವ್ಯಾಟ್ ಬದಲು 5 ಶೇಕಡಾ ದರವಿದೆ. ಆ ಉಳಿತಾಯ ಬಾಡಿಗೆದಾರರಿಗೆ ತಲುಪುತ್ತದೆಯೋ ಇಲ್ಲವೋ ಎಂಬುದು ಮಾಲೀಕತ್ವ ಯಾರದು ಎಂಬುದರ ಮೇಲೆ ನಿಂತಿದೆ. ಕೌನ್ಸಿಲ್ ಅಥವಾ ಲಾಭದ ಉದ್ದೇಶವಿಲ್ಲದ ವಸತಿ ಸಂಘದ ಕೈಯಲ್ಲಿದ್ದರೆ 'ಅಗ್ಗದ ವಸತಿ' ಎಂಬ ಮಾತಿಗೆ ಅರ್ಥವಿರುತ್ತದೆ.

ಪೇಟೆಯ ಉಳಿದ ವ್ಯಾಪಾರಿಗಳ ದೂರನ್ನೂ ಕೇಳಬೇಕು. ಸಾಲಾಗಿ ನಾಲ್ಕು ಅಂಗಡಿಗಳ ಗಾಜಿನ ಹಿಂದೆ ಪರದೆ ಇಳಿದರೆ ಐದನೆಯ ಅಂಗಡಿಯವರೆಗೆ ಯಾರೂ ನಡೆದು ಬರುವುದಿಲ್ಲ. ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ 1828ರಲ್ಲಿ ಕಟ್ಟಿದ ಆರ್ಕೇಡ್ ಎಂಬ ಮೂರು ಮಹಡಿಯ ಮಾರುಕಟ್ಟೆಯನ್ನು ಇದೇ ಕಾರಣಕ್ಕೆ ಉದಾಹರಿಸಬಹುದು. ಅದರ ನೆಲಮಹಡಿಯನ್ನು ಅಂಗಡಿಗಳಿಗೇ ಬಿಟ್ಟು, ಮೇಲಿನ ಎರಡು ಮಹಡಿಗಳಲ್ಲಿ 48 ಪುಟ್ಟ ಮನೆಗಳನ್ನು ಮಾಡಲಾಯಿತು. ಗಾಜಿನ ಚಾವಣಿಯಿಂದ ನಡುವಿನ ಓಣಿಗೆ ಬೆಳಕು ಬೀಳುವುದರಿಂದ ಅಲ್ಲಿ ಕತ್ತಲ ಪಟ್ಟಿಯ ತೊಡಕೂ ಇರಲಿಲ್ಲ. ಇಂಗ್ಲೆಂಡಿನಲ್ಲಿಯೂ ಅಂಗಡಿಯ ಮೇಲಿನ ಖಾಲಿ ಮಹಡಿಗಳು ಬೇಕಾದಷ್ಟಿವೆ, ಅವುಗಳಿಗೆ ಕಿಟಕಿಗಳೂ ಇವೆ. ಆದರೆ ಎಷ್ಟೋ ಕಡೆ ಮೇಲೇರುವ ಮೆಟ್ಟಿಲು ಅಂಗಡಿಯ ಒಳಗಿನಿಂದಲೇ ಹೋಗುತ್ತದೆ. ಬೇರೆ ಬಾಗಿಲು ಮತ್ತು ಮೆಟ್ಟಿಲು ಕೊಡಬೇಕೆಂದರೆ 6 ಮೀಟರಿನ ಮುಖದಲ್ಲಿ ಒಂದು ಮೀಟರಿಗೂ ಹೆಚ್ಚನ್ನು ಬಿಟ್ಟುಕೊಡಬೇಕು. ಗಿರಾಕಿಯ ಕಣ್ಣಿಗೆ ಬೀಳುವ ಗಾಜಿನ ಒಂದೊಂದು ಗೇಣಿಗೂ ಬಾಡಿಗೆ ಕಟ್ಟುತ್ತಿರುವ ಅಂಗಡಿಯವರು ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ.