ಎಲೆ ಹಸಿರು ಬೆಳಕನ್ನು ಬೇಡ ಅನ್ನುವುದಿಲ್ಲ

ಒಂದು ಹಿಡಿ ಪಾಲಕ್ ಸೊಪ್ಪನ್ನು ಕುಟ್ಟಾಣಿಯಲ್ಲಿ ಜಜ್ಜಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಹಾಕಿ ಹತ್ತು ನಿಮಿಷ ಬಿಡಿ. ಒಲೆಯಿಂದ ದೂರ ಇಟ್ಟುಕೊಳ್ಳಿ, ಸ್ಪಿರಿಟ್‌ಗೆ ಬೆಂಕಿ ಬೇಗ ಹತ್ತುತ್ತದೆ. ಬಟ್ಟೆಯಲ್ಲಿ ಸೋಸಿದರೆ ಕಡು ಹಸಿರು ರಸ ಸಿಗುತ್ತದೆ. ಅದನ್ನು ಗಾಜಿನ ಲೋಟಕ್ಕೆ ಹಾಕಿ, ದೀಪ ಆರಿಸಿ, ನೋಟು ಪರೀಕ್ಷೆ ಮಾಡುವ ನೇರಳೆ ಟಾರ್ಚನ್ನು ಪಕ್ಕದಿಂದ ಬಿಡಿ. ಹಸಿರು ರಸ ರಕ್ತದ ಹಾಗೆ ಕೆಂಪಗೆ ಹೊಳೆಯುತ್ತದೆ. ಇದನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಒಳಗೆ ಹೋದದ್ದು ನೇರಳೆ, ಹೊರಗೆ ಬಂದದ್ದು ಕೆಂಪು. ನೀಲಿ ಬಿಟ್ಟರೂ ಬರುವುದು ಕೆಂಪೇ. ಯಾಕೆ?

ಬೆಳಕು ಫೋಟಾನ್ ಎಂಬ ಸಣ್ಣ ಸಣ್ಣ ಗಂಟುಗಳಾಗಿ ಬರುತ್ತದೆ. ನೀಲಿ ಗಂಟಿನಲ್ಲಿ ಶಕ್ತಿ ಜಾಸ್ತಿ, ಕೆಂಪಿನದರಲ್ಲಿ ಕಡಿಮೆ. ಸಿಟಿ ಬಸ್ಸಿನ ಲೆಕ್ಕದಲ್ಲಿ ಹೇಳುತ್ತೇನೆ. ಟಿಕೆಟ್ 10 ರೂಪಾಯಿ. ಕೆಂಪು ಫೋಟಾನ್ ಸರಿಯಾಗಿ 10 ರೂಪಾಯಿ ಹಿಡಿದು ಬರುತ್ತದೆ. ನೀಲಿಯ ಕೈಯಲ್ಲಿ 15 ಇದೆ. ಆದರೆ ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಫಿಲ್ ಎಂಬ ಕಂಡಕ್ಟರ್ ಹತ್ತಿರ ಚಿಲ್ಲರೆಯೇ ಇಲ್ಲ. 15 ಕೊಟ್ಟವರಿಗೂ ಅದೇ ಟಿಕೆಟ್, ಅದೇ ಸೀಟು. ಮಿಕ್ಕ 5 ರೂಪಾಯಿ ಶಾಖವಾಗಿ ಹೋಗುತ್ತದೆ. ಅದೂ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ! ಹಾಗಾಗಿ ‘ನೀಲಿ ಬೆಳಕಿಗೆ ಶಕ್ತಿ ಜಾಸ್ತಿ, ಅದರಿಂದ ಗಿಡಕ್ಕೆ ಊಟವೂ ಜಾಸ್ತಿ’ ಎಂಬ ಮಾತು ತಪ್ಪು. ಗಿಡ ಎಣಿಸುವುದು ತಲೆಗಳನ್ನು, ಜೇಬುಗಳನ್ನಲ್ಲ.

ಸ್ಪಿರಿಟ್‌ನಲ್ಲಿ ಕರಗಿದ ಕ್ಲೋರೋಫಿಲ್ ಕಥೆ ಇನ್ನೂ ಪಾಪ. ಟಿಕೆಟ್ ಹರಿದಾಯಿತು, ಹತ್ತಲು ಬಸ್ಸೇ ಇಲ್ಲ. ಅಂದರೆ ಆ ಶಕ್ತಿಯಿಂದ ಊಟ ತಯಾರಿಸುವ ಏರ್ಪಾಡೇ ಇಲ್ಲ. ಆ 10 ರೂಪಾಯಿಯ ಒಂದು ಪಾಲು ಕೆಂಪು ಬೆಳಕಾಗಿ ಹೊರಗೆ ಬೀಳುತ್ತದೆ. ಜೀವಂತ ಎಲೆಯಲ್ಲಿ ಬಸ್ಸು ಕಾದು ನಿಂತಿರುತ್ತದೆ, ಹೀಗೆ ಸೋರಿಹೋಗುವುದು ನೂರರಲ್ಲಿ ಒಂದೋ ಎರಡೋ ಪಾಲು ಮಾತ್ರ. ಅಷ್ಟು ಮಂಕಾದ ಹೊಳಪನ್ನೂ ಇವತ್ತು ಉಪಗ್ರಹಗಳು ಆಕಾಶದಿಂದ ಅಳೆಯುತ್ತಿವೆ.

ಇನ್ನು ಬಹಳ ದಿನದಿಂದ ನನ್ನನ್ನು ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ. ‘ಗಿಡಗಳಿಗೆ ಕೆಂಪು, ನೀಲಿ ಬೆಳಕು ಮಾತ್ರ ಸಾಕು. ಹಸಿರು ದಂಡ, ಅದನ್ನು ಎಲೆ ವಾಪಸ್ ಕಳಿಸುತ್ತದೆ, ಅದಕ್ಕೇ ಎಲೆ ಹಸಿರು.’ ಎಲ್ಲಿ ನೋಡಿದರೂ ಇದೇ ಮಾತು. ಇದು ಬಂದದ್ದಾದರೂ ಎಲ್ಲಿಂದ?

1882ರಲ್ಲಿ ಜರ್ಮನಿಯ ಥಿಯೋಡೋರ್ ಎಂಗೆಲ್ಮನ್ ಮಾಡಿದ ಪ್ರಯೋಗ ನಮ್ಮ ಪಿಯುಸಿ ಪುಸ್ತಕದಲ್ಲೂ ಇದೆ. ನಾನು ಬಲ್ಲ ಪ್ರಯೋಗಗಳಲ್ಲಿ ಇಷ್ಟು ಚಂದದ್ದು ಇನ್ನೊಂದಿಲ್ಲ. ಕ್ಲಾಡೋಫೊರಾ ಎಂಬ ಪಾಚಿಯ ಒಂದು ಎಳೆ. ಅದರ ಸುತ್ತ ನೀರಿನಲ್ಲಿ ಆಮ್ಲಜನಕ ಇರುವ ಕಡೆ ಓಡುವ ಬ್ಯಾಕ್ಟೀರಿಯಾಗಳು. ಪ್ರಿಸಂನಿಂದ ಬೆಳಕನ್ನು ಬಿಡಿಸಿ ಪುಟಾಣಿ ಕಾಮನಬಿಲ್ಲನ್ನು ಆ ಎಳೆಯ ಮೇಲೆ ಬೀಳಿಸಿದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬ್ಯಾಕ್ಟೀರಿಯಾಗಳು ಕೆಂಪು ಬಿದ್ದ ಕಡೆ ಒಂದು ಗುಂಪು, ನೀಲಿ ಬಿದ್ದ ಕಡೆ ಒಂದು ಗುಂಪು. ಹಸಿರಿನ ಹತ್ತಿರ ಬೆರಳೆಣಿಕೆಯಷ್ಟು. ಇಷ್ಟು ಸಣ್ಣ ಜಾಗದಲ್ಲಿ ಆಮ್ಲಜನಕ ಅಳೆಯುವ ಉಪಕರಣ ಇಲ್ಲದ ಕಾಲದಲ್ಲಿ ಆತ ಜೀವಿಗಳ ಕೈಯಲ್ಲೇ ಗ್ರಾಫ್ ಬರೆಸಿದ!

ಪ್ರಯೋಗ ಸರಿ. ಆದರೆ ಅದು ಒಂದೇ ಒಂದು ತೆಳ್ಳನೆಯ ಎಳೆ. ಹಸಿರು ಬೆಳಕು ಅದರೊಳಗೆ ಹೊಕ್ಕು, ಯಾರಿಗೂ ಸಿಗದೆ, ಆಚೆ ಹೋಗಿಬಿಡುತ್ತದೆ. ನಮ್ಮ ಪಾಲಕ್ ರಸದಲ್ಲೂ ಅಷ್ಟೇ. ಎಳೆಯ ಲೆಕ್ಕವನ್ನೂ ರಸದ ಲೆಕ್ಕವನ್ನೂ ನಾವು ಸುಮ್ನೆ ಇಡೀ ಎಲೆಗೆ ಅಂಟಿಸಿಬಿಟ್ಟೆವು. ತಪ್ಪಾದದ್ದು ಅಲ್ಲಿ.

ಒಂದು ವೀಳ್ಯದೆಲೆಯನ್ನು ತಿರುಗಿಸಿ ನೋಡಿ. ಮೇಲೆ ಕಡು ಹಸಿರು, ಹೊಳಪು. ಕೆಳಗೆ ಮಂಕು. ಮೇಲ್ಭಾಗದಲ್ಲಿ ಕಂಬದಂಥ ಜೀವಕೋಶಗಳು ಒತ್ತೊತ್ತಾಗಿ ನಿಂತಿವೆ. ಕೆಳಗೆ ಸ್ಪಂಜಿನ ಹಾಗೆ ಗಾಳಿ ತುಂಬಿದ ಸಂದುಗಳು. ಒಳಗೆ ಹೋದ ಹಸಿರು ಫೋಟಾನ್ ಈ ಸಂದುಗಳಲ್ಲಿ ಕೇರಂ ಬೋರ್ಡಿನ ಕಾಯಿಯ ಹಾಗೆ ಅಲ್ಲಿಗೆ ಬಡಿದು, ಇಲ್ಲಿಗೆ ಬಡಿದು ಸುತ್ತುತ್ತದೆ. ಒಂದು ಸಲ ತಪ್ಪಿಸಿಕೊಂಡರೂ ಹತ್ತನೇ ಸಲಕ್ಕೆ ಯಾವುದಾದರೂ ಕ್ಲೋರೋಫಿಲ್ ಅದನ್ನು ಹಿಡಿದೇ ಹಿಡಿಯುತ್ತದೆ. ಬಲಿತ ಎಲೆ ತನ್ನ ಮೇಲೆ ಬಿದ್ದ ಕೆಂಪು, ನೀಲಿಯಲ್ಲಿ ಶೇ. 90ರ ಆಸುಪಾಸು ಹೀರಿದರೆ, ಹಸಿರಿನಲ್ಲೂ ಸಾಮಾನ್ಯವಾಗಿ ಶೇ. 70-80 ಹೀರುತ್ತದೆ. ತಪ್ಪಿಸಿಕೊಂಡ ಸ್ವಲ್ಪವೇ ನಮಗೆ ಇಷ್ಟು ಹಸಿರಾಗಿ ಕಾಣುತ್ತದೆ, ಯಾಕೆಂದರೆ ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಹಸಿರೇ.

ಹೀರಿದ ಹಸಿರು ಕೆಲಸಕ್ಕೆ ಬರುತ್ತದಾ? ಮಧ್ಯಾಹ್ನದ ಸುಡುಬಿಸಿಲಲ್ಲಂತೂ ಚೆನ್ನಾಗಿಯೇ ಬರುತ್ತದೆ. ಮದುವೆ ಮನೆಯ ಪಂಕ್ತಿ ನೆನಪು ಮಾಡಿಕೊಳ್ಳಿ. ಪಾಯಸದವನು ಬಂದರೆ ಮೊದಲ ಹತ್ತು ಎಲೆಗಳಿಗೇ ಬಕೆಟ್ ಖಾಲಿ. ಕೋಸಂಬರಿಯವನಿಗೆ ಹೆಚ್ಚಿನವರು ಕೈ ಅಡ್ಡ ಮಾಡುತ್ತಾರೆ. ಹಾಗಾಗಿ ಕೋಸಂಬರಿ ಪಂಕ್ತಿಯ ಕೊನೆಯವರೆಗೂ ಬರುತ್ತದೆ. ಕೆಂಪು, ನೀಲಿ ಬೆಳಕು ಪಾಯಸ. ಎಲೆಯ ಮೇಲಿನ ಪದರದಲ್ಲೇ ಮುಗಿದುಹೋಗುತ್ತದೆ. ಅಲ್ಲಿ ಕೂತವರಿಗೆ ಹೊಟ್ಟೆ ಬಿರಿಯುವಷ್ಟಾಗಿದೆ, ಆದರೂ ಬಡಿಸುವುದು ನಿಂತಿಲ್ಲ. ಹೆಚ್ಚಾದದ್ದೆಲ್ಲ ಶಾಖವಾಗಿ ವ್ಯರ್ಥ. ಕೆಳಗಿನ ಪದರದವರು ಮಾತ್ರ ಹಸಿದಿದ್ದಾರೆ. ಅವರಿಗೆ ತಲುಪುವುದು ಹಸಿರು.

ಕಾಲುವೆ ನೀರಾವರಿ ಗೊತ್ತಿರುವವರಿಗೆ ಇನ್ನೊಂದು ರೀತಿ ಹೇಳಬಹುದು. ಮೇಲ್ಭಾಗದ ಗದ್ದೆಯಲ್ಲಿ ನೀರು ನಿಂತು ಕೊಳೆಯುತ್ತಿದೆ, ಕೊನೆ ಭಾಗದ ರೈತನ ಹೊಲ ಬಿರುಕು ಬಿಟ್ಟಿದೆ. ಆಗ ಮೇಲ್ಭಾಗಕ್ಕೆ ಇನ್ನಷ್ಟು ನೀರು ಬಿಟ್ಟು ಏನು ಪ್ರಯೋಜನ? 2009ರಲ್ಲಿ ಜಪಾನಿನ ಇಚಿರೊ ತೆರಾಶಿಮಾ ಮತ್ತು ಸಂಗಡಿಗರು ಸೂರ್ಯಕಾಂತಿ ಎಲೆಗಳಲ್ಲಿ ಇದನ್ನು ತೋರಿಸಿದರು. ಜೋರಾದ ಬಿಳಿ ಬೆಳಕಿನಲ್ಲಿರುವ ಎಲೆಗೆ ಸ್ವಲ್ಪ ಕೆಂಪು ಸೇರಿಸಿದ್ದಕ್ಕಿಂತ ಸ್ವಲ್ಪ ಹಸಿರು ಸೇರಿಸಿದಾಗ ದ್ಯುತಿಸಂಶ್ಲೇಷಣೆ, ಅಂದರೆ ಬೆಳಕಿನಿಂದ ಊಟ ತಯಾರಿಸುವ ಕೆಲಸ, ಹೆಚ್ಚಾಯಿತು.

ಅದಕ್ಕೂ ಎಷ್ಟೋ ಮೊದಲು, 1972ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ ಕೀತ್ ಮ್ಯಾಕ್ರೀ 22 ಬಗೆಯ ಬೆಳೆಗಳ ಎಲೆಗಳನ್ನು ಒಂದೊಂದೇ ಬಣ್ಣದಲ್ಲಿಟ್ಟು ಅಳೆದಿದ್ದರು. ಕೆಂಪು ಮೊದಲ ಸ್ಥಾನದಲ್ಲಿತ್ತು. ಹಸಿರು ಸೊನ್ನೆ ಆಗಿರಲಿಲ್ಲ, ನೀಲಿಗಿಂತ ತೀರಾ ಹಿಂದೆಯೂ ಇರಲಿಲ್ಲ. ಉತ್ತರ ಐವತ್ತು ವರ್ಷದಿಂದ ನಮ್ಮ ಕೈಯಲ್ಲೇ ಇದೆ, ಪಾಠ ಮಾತ್ರ ಹಳೆಯದೇ ನಡೆಯುತ್ತಿದೆ.

ಬಣ್ಣದ ಬಗ್ಗೆ ಜನರಿಗೆ ಹುಚ್ಚು ಹಿಡಿಯುವುದು ಹೊಸದಲ್ಲ. ಫಿಲಡೆಲ್ಫಿಯಾದಲ್ಲಿ ಅಗಸ್ಟಸ್ ಪ್ಲೆಸಂಟನ್ ಎಂಬ ಸೇನಾಧಿಕಾರಿ 1860ರ ದಶಕದಲ್ಲಿ ದ್ರಾಕ್ಷಿಗಾಗಿ ಗಾಜಿನ ಮನೆ ಕಟ್ಟಿಸಿದ. ಚಾವಣಿಯ ಪ್ರತಿ ಎಂಟನೇ ಸಾಲಿಗೆ ನೀಲಿ ಗಾಜು. ಬಳ್ಳಿ ಹುಲುಸಾಗಿ ಬಂತು. ನೀಲಿ ಬೆಳಕಿನ ಮಹಿಮೆ ಎಂದು 1876ರಲ್ಲಿ ಪುಸ್ತಕವನ್ನೇ ತಂದ, ನೀಲಿ ಕಾಗದದ ಮೇಲೆ ನೀಲಿ ಶಾಯಿಯಲ್ಲಿ. ಕಾಯಿಲೆ ವಾಸಿಯಾಗಲೆಂದು ಜನ ಮನೆ ಕಿಟಕಿಗೆ ನೀಲಿ ಗಾಜು ಹಾಕಿಸಿಕೊಂಡರು. ಪಕ್ಕದಲ್ಲಿ ಬಿಳಿ ಗಾಜಿನದೇ ಇನ್ನೊಂದು ಮನೆ ಕಟ್ಟಿ ಹೋಲಿಸಿದ್ದರೆ ಸಾಕಿತ್ತು. ಬಣ್ಣದ ಗಾಜು ಬೆಳಕಿಗೆ ಏನನ್ನೂ ಸೇರಿಸುವುದಿಲ್ಲ, ಉಳಿದ ಬಣ್ಣಗಳನ್ನು ಕಳೆಯುತ್ತದೆ ಅಷ್ಟೇ. ನಮ್ಮಲ್ಲಿ ಬಣ್ಣದ ಬಾಟಲಿಯಲ್ಲಿ ನೀರಿಟ್ಟು, ಬಿಸಿಲಿಗೆ ಕಾಯಿಸಿ, ಔಷಧಿ ಎಂದು ಕುಡಿಯುವವರು ಈಗಲೂ ಇದ್ದಾರೆ. ಡಾಕ್ಟರ ಹತ್ತಿರ ಹೋಗಬೇಕಾದವರು ಬಾಟಲಿ ನಂಬಿ ಕೂರುವುದನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ.

ಮನೆಯೊಳಗೆ ಗಿಡ ಬೆಳೆಸಲು ಮಾರುವ ನೇರಳೆ ದೀಪ ಮೋಸವಲ್ಲ. ಕೆಂಪು, ನೀಲಿ ಎಲ್‌ಇಡಿಗಳಲ್ಲಿ ಗಿಡ ಬೆಳೆಯುತ್ತದೆ. ನನ್ನ ಅಡುಗೆಮನೆ ಶೆಲ್ಫಿನಲ್ಲಿ ಕೊತ್ತಂಬರಿ ಚೆನ್ನಾಗಿಯೇ ಬಂದಿತ್ತು. ಆದರೆ ಆ ಬೆಳಕಿನಲ್ಲಿ ಎಲೆ ಕಪ್ಪಗೆ ಕಾಣುತ್ತದೆ. ಹಳದಿಯಾದ ಎಲೆ ಯಾವುದು, ಎಲೆಯಡಿ ಹೇನು ಹತ್ತಿದೆಯಾ, ಏನೂ ತಿಳಿಯುವುದಿಲ್ಲ. ಬಿಳಿ ದೀಪಕ್ಕೆ ಬದಲಾಯಿಸಿದ ದಿನ ಎರಡೂ ಕಣ್ಣಿಗೆ ಬಿದ್ದವು.

ಮಲೆನಾಡಿನ ಅಡಿಕೆ ತೋಟದೊಳಗೆ ಹೊಕ್ಕರೆ ಗಾಳಿಯೇ ಹಸಿರಾದ ಹಾಗೆ ಅನಿಸುತ್ತದೆ ಅಲ್ವಾ? ಕೆಂಪು, ನೀಲಿಯನ್ನು ಹೆಚ್ಚುಕಡಿಮೆ ಮೇಲಿನ ಸೋಗೆಗಳೇ ತಿಂದು ಮುಗಿಸಿವೆ. ಕೆಳಗಿನ ಮೆಣಸಿನ ಬಳ್ಳಿ, ಏಲಕ್ಕಿಗೆ ಇಳಿದು ಬರುವುದು ಹೆಚ್ಚಾಗಿ ಹಸಿರು. ಅದರ ಜೊತೆ ನಮ್ಮ ಕಣ್ಣಿಗೆ ಸರಿಯಾಗಿ ಕಾಣದ ಇನ್ನೊಂದಿದೆ, ದೂರ ಕೆಂಪು. ಅಲೆಯ ಉದ್ದ 700 ನ್ಯಾನೋಮೀಟರ್‌ಗಿಂತ ಆಚೆಯದು. ನಮ್ಮ ಬಸ್ಸಿನ ಲೆಕ್ಕದಲ್ಲಿ ಇದರ ಕೈಯಲ್ಲಿ ಒಂಬತ್ತು ಚಿಲ್ಲರೆ ರೂಪಾಯಿ. ಒಂಟಿಯಾಗಿ ಬಂದರೆ ಇದರಿಂದ ಕೆಲಸವಾಗುವುದು ಬಹಳ ಕಡಿಮೆ ಎಂದು 1943ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಎಮರ್ಸನ್ ಕಂಡುಕೊಂಡಿದ್ದರು. 1957ರಲ್ಲಿ ಅವರೇ ಅದರ ಜೊತೆಗೆ ಗಿಡ್ಡ ಅಲೆಯ ಬೆಳಕನ್ನೂ ಬಿಟ್ಟು ನೋಡಿದರು. ಬೇರೆ ಬೇರೆಯಾಗಿ ಕೊಟ್ಟಾಗ ಬಂದ ಮೊತ್ತಕ್ಕಿಂತ ಜಾಸ್ತಿ ಬಂತು! ಏತ ನೀರಾವರಿಯಲ್ಲಿ ಎರಡು ಹಂತದ ಪಂಪ್‌ಹೌಸ್ ಇರುತ್ತದಲ್ಲ, ಎಲೆಯಲ್ಲೂ ಹಾಗೆಯೇ ಎರಡು ಪಂಪುಗಳಿವೆ. ಎರಡನೆಯದು ದೂರ ಕೆಂಪಿನಲ್ಲೂ ಓಡುತ್ತದೆ, ಮೊದಲನೆಯದಕ್ಕೆ ಅದು ಸಾಲದು. ಒಂದಕ್ಕೆ ಮಾತ್ರ ಕರೆಂಟ್ ಇದ್ದರೆ ನೀರು ಮೇಲೇರುವುದಿಲ್ಲ.

ಬೆಳಕು ಗಿಡಕ್ಕೆ ಊಟವಷ್ಟೇ ಅಲ್ಲ, ಸುದ್ದಿ ಕೂಡ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಹೋದರೆ ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯುವುದು ಕಾಣುತ್ತದೆ. ಗಿಡ ರಾತ್ರಿಯೂ ಊಟ ಮಾಡಲಿ ಅಂತ ಹಾಕಿದ್ದು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಊಟಕ್ಕೆ ಆ ಬೆಳಕು ಏನೇನೂ ಸಾಲದು. ಸೇವಂತಿಗೆ ಮೊಗ್ಗು ಬಿಡಲು ಉದ್ದನೆಯ ರಾತ್ರಿ ಬೇಕು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ಪ್ರೋಟೀನು ಬಲ್ಬಿನ ಬೆಳಕಿನಲ್ಲಿರುವ ಕೆಂಪನ್ನು ಗುರುತಿಸಿ, ರಾತ್ರಿ ಇನ್ನೂ ಚಿಕ್ಕದು ಎಂದು ಗಿಡಕ್ಕೆ ತಿಳಿಸುತ್ತದೆ. ಗಿಡ ಹೂವಿನ ಯೋಚನೆ ಬಿಟ್ಟು ಎತ್ತರಕ್ಕೆ ಬೆಳೆಯುತ್ತದೆ. ಹಬ್ಬದ ಲೆಕ್ಕ ಹಾಕಿ ರೈತರು ಒಂದು ದಿನ ದೀಪ ಆರಿಸುತ್ತಾರೆ. ಆಮೇಲೆ ಬರುವ ಉದ್ದನೆಯ ರಾತ್ರಿಗಳಲ್ಲಿ ಒಂದೇ ಸಲಕ್ಕೆ ಹೊಲದ ತುಂಬ ಮೊಗ್ಗು ಕಟ್ಟುತ್ತದೆ.