ಮೆಮ್‌ಫ್ರೀ ನೋಡಿ ಗಾಬರಿಯಾಗಬೇಡಿ

ಲಿನಕ್ಸ್ ಸರ್ವರ್‌ನಲ್ಲಿ 8 ಜಿಬಿ ಮೆಮೊರಿ ಇದೆ ಅಂದುಕೊಳ್ಳಿ. ಮೆಮೊರಿ ಕಾಯಲು ಇಟ್ಟ ಸ್ಕ್ರಿಪ್ಟ್ ನಡುರಾತ್ರಿ '300 ಎಂಬಿ ಮಾತ್ರ ಖಾಲಿ' ಎಂದು ಎಚ್ಚರಿಕೆ ಕಳಿಸುತ್ತದೆ. ಎದ್ದು ನೋಡಿದರೆ ಸರ್ವರ್ ಆರಾಮಾಗಿ ಓಡುತ್ತಿದೆ. ಸ್ಕ್ರಿಪ್ಟ್ ಓದಿದ ಸಾಲೇ ತಪ್ಪು!

ಮೆಮೊರಿಯ ಲೆಕ್ಕ ಸಿಗುವುದು /ಪ್ರಾಕ್/ಮೆಮ್‌ಇನ್ಫೋ ಎಂಬ ಫೈಲ್‌ನಲ್ಲಿ. ಈ ಫೈಲ್ ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ. ನೀವು ಓದಲು ಹೋದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ಬರೆದುಕೊಡುತ್ತದೆ, ಹೇಳಿದ ಮೇಲೆ ಕಾವಲಿಗೆ ಹೊಯ್ಯುವ ದೋಸೆಯ ಹಾಗೆ. ಓಡುತ್ತಿರುವ ಪ್ರೋಗ್ರಾಮನ್ನೂ ಫೈಲ್‌ನಂತೆ ತೆರೆದು ನೋಡಬಹುದು ಅಂತ 1984ರಲ್ಲಿ ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ ಯುನಿಕ್ಸ್‌ನಲ್ಲಿ ತೋರಿಸಿದ್ದರು. ಲಿನಕ್ಸ್ ಅದನ್ನು ಮೆಮೊರಿಯ ಲೆಕ್ಕಕ್ಕೂ ಹಿಗ್ಗಿಸಿತು. ಎಷ್ಟು ಚೆಂದದ ಯೋಚನೆ! ಬೇರೆ ಸಾಫ್ಟ್‌ವೇರ್ ಏನೂ ಬೇಡ, ಫೈಲ್ ಓದಲು ಬಂದರೆ ಸಾಕು.

ಅದರಲ್ಲಿ 'ಮೆಮ್‌ಫ್ರೀ' ಅಂತ ಒಂದು ಸಾಲಿದೆ. ಎಡವುವುದು ಇಲ್ಲೇ. ಮೆಮ್‌ಫ್ರೀ ಅಂದರೆ ಯಾವ ಕೆಲಸಕ್ಕೂ ಬಳಕೆಯಾಗದೆ ಬಿದ್ದಿರುವ ಮೆಮೊರಿ. ಲಿನಕ್ಸ್‌ ಅದನ್ನು ಹಾಗೆ ಸುಮ್ನೆ ಬಿಡುವುದಿಲ್ಲ. ಡಿಸ್ಕ್‌ನಿಂದ ಓದಿದ ಫೈಲ್‌ಗಳ ಪ್ರತಿಯನ್ನು ಅಲ್ಲಿ ಇಟ್ಟುಕೊಳ್ಳುತ್ತದೆ. ಇದೇ ಪೇಜ್ ಕ್ಯಾಶ್. ದಿನಸಿ ಅಂಗಡಿಯವರು ಜಾಸ್ತಿ ಹೋಗುವ ಸಾಮಾನನ್ನು ಗೋಡೌನ್‌ನಿಂದ ತಂದು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುತ್ತಾರೆ, ಅಲ್ವಾ? ಹಾಗೆ. ಪ್ರೋಗ್ರಾಮ್‌ಗಳಿಗೆ ಜಾಗ ಬೇಕಾದಾಗ ಈ ಪ್ರತಿಗಳನ್ನು ಬಿಟ್ಟುಕೊಡುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬ್ಯಾಗ್ ಇಟ್ಟವರು ಯಾರಾದರೂ ಬಂದರೆ ಎತ್ತಿಕೊಳ್ಳುತ್ತಾರೆ. ಆ ಸೀಟು ಖಾಲಿಯಾ, ತುಂಬಿದೆಯಾ? ಮೆಮ್‌ಫ್ರೀ ಲೆಕ್ಕದಲ್ಲಿ ಬ್ಯಾಗೂ ಒಬ್ಬ ಪ್ರಯಾಣಿಕನೇ.

ಹಾಗಂತ ಪೇಜ್ ಕ್ಯಾಶ್‌ನ ಅಳತೆ ಹೇಳುವ 'ಕ್ಯಾಶ್ಡ್' ಸಾಲನ್ನು ಮೆಮ್‌ಫ್ರೀಗೆ ಪೂರ್ತಿ ಕೂಡಿಸಿಕೊಂಡರೂ ಲೆಕ್ಕ ತಪ್ಪುತ್ತದೆ. ಅದರಲ್ಲಿ ಮೆಮೊರಿಯಲ್ಲೇ ಫೈಲ್ ಇಡುವ ಟಿಎಂಪಿಎಫ್‌ಎಸ್‌ನ ಫೈಲ್‌ಗಳೂ ಸೇರಿರುತ್ತವೆ. ಅವುಗಳಿಗೆ ಡಿಸ್ಕ್‌ನಲ್ಲಿ ಮೂಲಪ್ರತಿ ಇಲ್ಲ, ಬಿಸಾಡಿದರೆ ಹೋಯಿತು. ಇದಕ್ಕೇ 2014ರ ಕರ್ನಲ್ 3.14ರಲ್ಲಿ 'ಮೆಮ್‌ಅವೈಲಬಲ್' ಸಾಲು ಬಂತು. ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗಕ್ಕೆ) ಕೈಹಾಕದೆ ಹೊಸ ಪ್ರೋಗ್ರಾಮ್‌ಗಳಿಗೆ ಎಷ್ಟು ಕೊಡಬಹುದು ಎಂಬ ಕರ್ನಲ್‌ನದೇ ಅಂದಾಜು ಇದು. ಸ್ಕ್ರಿಪ್ಟ್ ಇದನ್ನು ಓದಲಿ. ಒಟ್ಟು ಮೆಮೊರಿ ಹೇಳುವ 'ಮೆಮ್‌ಟೋಟಲ್'ನಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾವಾರು ಸಿಕ್ಕಿತು. ಫೈಲ್‌ನ ಸಾಲುಗಳನ್ನು ಆರಿಸಿ ಲೆಕ್ಕ ಹಾಕುವ ಆಕ್ ಎಂಬ ಟೂಲ್‌ನಲ್ಲಿ ಒಂದೇ ಸಾಲಿನ ಕೆಲಸ. ಅಲ್ಲಿ ಕಾಣುವ 'ಕೆಬಿ' ಅಂದರೆ 1000 ಅಲ್ಲ, 1024 ಬೈಟ್.

ನನಗೆ ನಿಜಕ್ಕೂ ಬೇಸರ ತರಿಸುವುದು, ಗಂಟೆಗೊಮ್ಮೆ ಕ್ಯಾಶ್ ಖಾಲಿ ಮಾಡಲು ಕ್ರಾನ್ (ಹೇಳಿದ ಹೊತ್ತಿಗೆ ತಾನೇ ಓಡುವ ಕೆಲಸ) ಹಾಕುವ ರೂಢಿ. ಮೆಮ್‌ಫ್ರೀ ಅಂಕಿ ಏರುತ್ತದೆ, ನಿಜ. ಆದರೆ ಅದೇ ಫೈಲ್‌ಗಳನ್ನು ಮತ್ತೆ ಡಿಸ್ಕ್‌ನಿಂದ ತರಬೇಕಾಗುತ್ತದೆ. ಚೆನ್ನಾಗಿ ಓಡುತ್ತಿದ್ದ ಸರ್ವರ್ ಗಂಟೆಗೊಮ್ಮೆ ಏದುಸಿರು ಬಿಡುತ್ತದೆ. ನಿಮ್ಮಲ್ಲಿ ಅಂಥ ಕ್ರಾನ್ ಇದ್ದರೆ ಇವತ್ತೇ ತೆಗೆದುಹಾಕಿ.